ಸಾಕು ಅಂದ ಮೇಲೆ

ಅಮ್ಮಾ,

ಇನ್ನು ಗುಣವಾಗದವರನ್ನು ನೋಡಿಕೊಳ್ಳುವುದು ಹೇಗೆಂದು ನಮ್ಮಂಥ ಫ್ಯಾಮಿಲಿ ಡಾಕ್ಟರುಗಳಿಗೆ ಕಲಿಸುವ ತರಬೇತಿಗೆ ಸೇರಿದ್ದೇನೆ. ನೀನಿದ್ದಿದ್ದರೆ, “ಊರು ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದ್ರಂತೆ” ಅನ್ನುತ್ತಿದ್ದೆ.

ಇವತ್ತು ರೋಗಿಯ ಪಾತ್ರ ಮಾಡುವ ಸರದಿ ನನ್ನದು. ನಾವು ಕಂಡ ಯಾರಾದರೊಬ್ಬರ ಹಾಗೆ ಮಾತಾಡಬೇಕು. ಒಬ್ಬ ವಯಸ್ಸಾದ ಹೆಂಗಸು ಎಂದಷ್ಟೇ ಹೇಳಿ, ತರಗತಿಯ ಮೂಲೆಯ ಮಂಚದ ಮೇಲೆ ಮಲಗಿದೆ.

“ಬೂಟು ಬಿಚ್ಚಿ ಸಾರ್, ಯಾವ ಅಜ್ಜಿ ಬೂಟು ಹಾಕ್ಕೊಂಡು ಮಲಗ್ತಾರೆ?” ಎಂದಳು, ಡಾಕ್ಟರ ಪಾತ್ರ ಮಾಡಬೇಕಿದ್ದ ಸಹಪಾಠಿ. ಎಲ್ಲರೂ ನಕ್ಕರು. ಬಿಚ್ಚಿದೆ.

ನಿನ್ನ ಮಾತನ್ನೇ ಹೇಳಿದೆ: “ಸಾಕು ಕಣೋ, ಇನ್ನು ಸಾಕು.”

ಅಂದು ನೀನು ಹಾಗಂದಾಗ ನಾನು ಡ್ರಿಪ್ ಸರಿಮಾಡುತ್ತ, ನಿನ್ನ ಕಡೆ ತಿರುಗದೆ, “ಸುಮ್ನೆ ಮಲಗಮ್ಮ, ಎಲ್ಲಾ ಸರಿಹೋಗುತ್ತೆ” ಅಂದಿದ್ದೆ. ಇವತ್ತು ಆ ಸಹಪಾಠಿ ಹಾಗನ್ನಲಿಲ್ಲ. ಕುರ್ಚಿ ಎಳೆದುಕೊಂಡು ನನ್ನ ಮುಖದ ಹತ್ತಿರ ಕೂತು, “ಏನು ಸಾಕಾಯ್ತಮ್ಮ? ಹೇಳಿ, ಕೇಳ್ತೀನಿ” ಎಂದಳು.

ಎಲ್ಲರೂ ಕಾದರು. ಕೊನೆಗೆ ಮೇಷ್ಟರು ಮೆಲ್ಲಗೆ ಕೇಳಿದರು: “ಮುಂದೆ ಅವರೇನಂದ್ರು ಸಾರ್? ಅದನ್ನೇ ಹೇಳಿ.”

ಮುಂದಿನದು ನನಗೆ ಗೊತ್ತಿರಲಿಲ್ಲ, ಅಮ್ಮಾ. ಎದ್ದು ಕೂತು ಬೂಟು ಹಾಕಿಕೊಂಡೆ.