ತಾಟಿಗೆ ಮೊದಲು ಬಡಿಸುವ ಉಪ್ಪು

ಬೈಲಹೊಂಗಲ
ಬುಧವಾರ

ವರ್ಗವಾಗಿ ರಾಮದುರ್ಗಕ್ಕೆ ಹೋಗಿ, ಅಲ್ಲೇ ಸ್ವರ್ಗ ಕಂಡ ನಮ್ಮ ಮನೆಯವರಿಗೆ,

ಹೊಟ್ಟೆಯುರಿಯೊಂದನ್ನು ಬಿಟ್ಟರೆ ನಾನು ಆರೋಗ್ಯ.

ಬಿಪಿ ಗುಳಿಗೆಯಿಂದ ನಿಮ್ಮ ಕಾಲಿನ ಹೆಬ್ಬೆರಳು ಬಾತಿತು, ಬೆರಳಿನ ನೋವಿಗೆಂದು ಅಂಗಡಿಯಿಂದ ತಂದು ನುಂಗಿದ ಗುಳಿಗೆಯಿಂದ ಬಿಪಿ ಏರಿತು. ಡಾಕ್ಟರು ಎರಡನ್ನೂ ಬದಲಿಸಿ, ಉಪ್ಪು ಬಿಡಿಸಿದ್ದು ಒಳ್ಳೆಯದಾಯಿತು. ಹೊಸ ಗುಳಿಗೆ ತಪ್ಪಿಸಬೇಡಿ, ನೀರು ಚೆನ್ನಾಗಿ ಕುಡಿಯಿರಿ. ಇದು ಹೆಂಡತಿಯ ಮಾತು. ಇನ್ನು ಹೊಟ್ಟೆಯ ಮಾತು.

ಮದುವೆಯಾದಾಗಿನಿಂದ ನನ್ನ ಸಾರಿಗೆ "ಉಪ್ಪು ಕಮ್ಮಿ ಆಗೈತಿ ನೋಡು" ಎನ್ನುತ್ತಿದ್ದವರು ನೀವು. ಈಗ ಮನೆ ಮಾಲಕಿ ಇಂದ್ರವ್ವನವರು ಉಪ್ಪಿಲ್ಲದೆ ಮಾಡಿಕೊಡುವ ಸಾರು ಅಮೃತವಂತೆ! ನಿನ್ನೆ ಅವರೇ ಫೋನು ಮಾಡಿ, "ಅಕ್ಕಾರ, ಚಿಂತಿ ಮಾಡಬ್ಯಾಡ್ರಿ. ಬೆರಳಿಗೆ ಹೊದಿಕಿ ತಾಕಿದ್ರೂ ಸರ್ ಚೀರತಾರ್ರಿ, ಪಾಪ" ಎಂದರು. ನನ್ನ ಚಿಂತೆ ಶುರುವಾದದ್ದೇ ಆಗ. ಹೊದಿಕೆಯ ಸುದ್ದಿ ಅವರಿಗೆ ಮುಟ್ಟಿದ್ದು ಹೇಗೆ? ನಡುವಿನ ಗೋಡೆ ತೆಳುವಾಗಿದೆ ಎನ್ನುತ್ತೀರಿ. ನಂಬಿದ್ದೇನೆ. ಬಂದಾಗ ಗೋಡೆಯನ್ನೊಮ್ಮೆ ಬಡಿದು ನೋಡುತ್ತೇನೆ.

ರಜೆ ಹಾಕಿದ್ದೇನೆ. ರವಿವಾರ ಯರಗಟ್ಟಿ ಮೇಲಿನ ಬಸ್ಸಿಗೆ ಬರುತ್ತೇನೆ. ಉಪ್ಪಿಲ್ಲದ ಸಾರನ್ನು ನಾನೂ ಮಾಡಿ, ಒಬ್ಬಳೇ ಉಂಡು ನೋಡಿದೆ. ಅಮೃತವೇನೂ ಅಲ್ಲ. ಎದುರಿಗೆ ನೀವಿದ್ದರೆ ಆದೀತೇನೋ.

ಇಂದ್ರವ್ವನವರಿಗೆ ನಮಸ್ಕಾರ ತಿಳಿಸಿ, ರವಿವಾರದಿಂದ ಊಟ ಬೇಡವೆಂದೂ ತಿಳಿಸಿ. ಇಷ್ಟು ವರ್ಷ ನಿಮ್ಮ ತಾಟಿಗೆ ಮೊದಲು ಉಪ್ಪು ಬಡಿಸಿದವಳು ನಾನು. ಇನ್ನು ಬಡಿಸದೆ ಇರುವವಳೂ ನಾನೇ ಆಗಬೇಕು.

ಗೋಡೆಯ ಈಚೆಗಿನ,
ನಿಮ್ಮ ರೇಣು