ಔಷಧದ ಕಿಂಡಿಯಲ್ಲಿ ಜಲಪಾತ

ಆಸ್ಪತ್ರೆಯ ಗಣಕ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ನಾನು ಒಂದು ಅಂಕಿ ಒತ್ತಿದರೆ ಅದು ಪರದೆಯ ಮೇಲೆ ಮೂಡುವಷ್ಟರಲ್ಲಿ ಸರದಿಯಲ್ಲಿರುವ ರೋಗಿ ತಾನಾಗಿಯೇ ಗುಣವಾಗಿ ಮನೆಗೆ ಹೋಗಬಹುದು. ನಿಮ್ಮ ಯೋಜನೆಯೇ ಅದಾಗಿದ್ದರೆ ಕ್ಷಮಿಸಿ, ಈ ಪತ್ರವನ್ನು ಇಲ್ಲಿಗೇ ಮಡಚಿಡಿ.

ಹೋದ ವರ್ಷ ನಮ್ಮ ಹಳೆಯ ಕಂಪ್ಯೂಟರುಗಳನ್ನು ಹೊತ್ತೊಯ್ದು, ಊಟದ ಡಬ್ಬಿಯಷ್ಟೇ ಇರುವ ಪೆಟ್ಟಿಗೆಗಳನ್ನು ಇಟ್ಟು ಹೋದಿರಿ. ಲೆಕ್ಕಾಚಾರವೆಲ್ಲ ಮೇಲಿನ ಮಹಡಿಯ ಸರ್ವರಿನಲ್ಲಿ ನಡೆಯುತ್ತದೆ, ಕೆಳಗೆ ಬರುವುದು ಬರೀ ಚಿತ್ರ ಎಂದಿರಿ. ಒಪ್ಪಿದೆವು. ಆದರೆ ಆ ಚಿತ್ರ ಬರುವುದು ಯಾವಾಗ?

ಹೋದ ತಿಂಗಳು ನಿವೃತ್ತ ಅಂಚೆಯಣ್ಣನೊಬ್ಬರು ಬಂದರು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ, ದಿನಕ್ಕೆ ಒಂದು. ‘1’ ಒತ್ತಿದೆ. ಮೂಡಲಿಲ್ಲ. ಮತ್ತೆ ಒತ್ತಿದೆ. ಚೀಟಿ ಮುದ್ರಣವಾಯಿತು, ಸರದಿಯಲ್ಲಿ ಹಿಂದಿದ್ದವರು ಗದರುತ್ತಿದ್ದರು, ನೋಡದೆ ಪೊಟ್ಟಣಕ್ಕೆ ಅಂಟಿಸಿ ಕೊಟ್ಟೆ. ಆ ತಪ್ಪು ನನ್ನದೇ. ಅವರು ಗೇಟಿನವರೆಗೆ ಹೋಗಿ ಮರಳಿ ಬಂದರು.

“ಅಮ್ಮಾ, ಮೂವತ್ತೇ ಮಾತ್ರೆ ಕೊಟ್ಟಿದ್ದೀರಲ್ಲ, ಮೂರು ದಿನಕ್ಕೂ ಸಾಲಲ್ಲ.”

“ಒಂದು ತಿಂಗಳಿಗೆ ಬರುತ್ತಲ್ಲ, ತಾತ?”

“ದಿನಕ್ಕೆ ಹನ್ನೊಂದು ಅಂತ ನೀವೇ ಬರೆದಿದ್ದೀರಿ. ಬರೆದಿದ್ದನ್ನ ತಪ್ಪದೆ ಮುಟ್ಟಿಸೋದೇ ನನ್ನ ಕಸುಬಾಗಿತ್ತು, ತಾಯಿ.”

ಅವರಿಗೆ ಭಾಗಾಕಾರ ಬರದಿದ್ದರೆ ಏನಾಗುತ್ತಿತ್ತು? ಚೀಟಿ ಕಿತ್ತು, ಕ್ಷಮೆ ಕೇಳಿ, ನಿಮಗೆ ದೂರು ಬರೆದೆ. ನಿಮ್ಮ ಉತ್ತರ ಬಂತು: “ಸರ್ವರಿನಲ್ಲಿ ದೋಷವಿಲ್ಲ. ಸಿಬ್ಬಂದಿ ತಾಳ್ಮೆಯಿಂದ ಕೀಲಿ ಒತ್ತತಕ್ಕದ್ದು.” ಕುಣಿಯಲಾರದವಳು ನೆಲ ಡೊಂಕು ಎಂದಳೆಂದು ನಕ್ಕಿರಬೇಕು. ಸ್ವಾಮಿ, ನೆಲ ನಿಜವಾಗಿಯೂ ಡೊಂಕಾಗಿತ್ತು!

ಅದನ್ನು ಕಂಡುಹಿಡಿದವರು ಟ್ಯೂಬ್‌ಲೈಟ್ ಬದಲಿಸಲು ಏಣಿ ಹತ್ತಿದ್ದ ನಮ್ಮ ಎಲೆಕ್ಟ್ರಿಷಿಯನ್.

“ಅಕ್ಕಾ, ಎಲ್ಲಾ ಪರದೆ ಮೇಲೂ ಆ ಜಲಪಾತ ಯಾಕೆ ಸುರೀತಿದೆ?”

“ಮನಸ್ಸಿಗೆ ತಂಪಾಗಲಿ ಅಂತ ಮೇಲಿನವರು ಹಿನ್ನೆಲೆಗೆ ಹಾಕಿಸಿದ ಓಡುವ ಚಿತ್ರ.”

“ತಂಪಾಗೋದು ಹಾಗಿರಲಿ, ಅದರ ಒಂದೊಂದು ಹನಿನೂ ಮೇಲಿಂದ ತಂತಿಯಲ್ಲೇ ಇಳೀಬೇಕು. ಆರು ಪೆಟ್ಟಿಗೆಗೂ ಆ ತಂತಿನ ಹಂಚೋಕೆ ಇಲ್ಲಿರೋದು ಒಂದೇ ಮುದಿ ನೆಟ್‌ವರ್ಕ್ ಸ್ವಿಚ್ಚು. ಓಣಿ ಒಂದು, ಮೆರವಣಿಗೆ ಆರು. ನಿಮ್ಮ ಅಂಕಿ ಪಾಪ ಎಲ್ಲಿ ನುಸುಳುತ್ತೆ?”

ಆರೂ ಪರದೆಗಳಲ್ಲಿ ಜಲಪಾತ ನಿಲ್ಲಿಸಿ ಬರೀ ಬೂದು ಬಣ್ಣ ಇಟ್ಟೆವು. ಪರದೆಯೊಳಗಿನ ಕಿಟಕಿಗಳು ತೇಲಿ ಬರುವ ಬೆಡಗನ್ನೂ ಆರಿಸಿದೆವು. ಒತ್ತಿದ ಅಂಕಿ ಒತ್ತಿದಾಗಲೇ ಬಂತು! ಆ ದಿನ ಮಧ್ಯಾಹ್ನದೊಳಗೆ ಸರದಿ ಕರಗಿತು. ಬೈಯಲು ಯಾರೂ ಇಲ್ಲದೆ ನನಗೇ ಒಂಥರಾ ಬಿಕೋ ಎನ್ನಿಸಿತು.

ಮೂರನೆಯ ದಿನ ನೀವು ಎಚ್ಚರಗೊಂಡಿರಿ. ‘ಪರದೆಗಳ ಏಕರೂಪತೆಗೆ ಭಂಗ’ ಎಂದು ನನಗೆ ನೋಟಿಸು, ಜಲಪಾತಕ್ಕೆ ಪುನರ್ಜನ್ಮ. ಹನ್ನೊಂದು ಮಾತ್ರೆಗೆ ಅಲುಗಾಡದ ಕಚೇರಿ ಒಂದು ಬೂದು ಬಣ್ಣಕ್ಕೆ ಎದ್ದು ಕೂತಿತಲ್ಲ! ರೋಗಿಯ ಪ್ರಾಣಕ್ಕಿಂತ ನೀರಿನ ನೊರೆ ದೊಡ್ಡದೇ?

ಆದ್ದರಿಂದ ಕೇಳುತ್ತಿದ್ದೇನೆ: ಸೋಮವಾರದೊಳಗೆ ಜಲಪಾತ ನಿಲ್ಲಲಿ, ಆ ಮುದಿ ಸ್ವಿಚ್ಚಿನ ಜಾಗಕ್ಕೆ ವೇಗದ್ದೊಂದು ಬರಲಿ. ಅಲ್ಲಿಯವರೆಗೆ ಪ್ರತಿ ಚೀಟಿಯನ್ನೂ ಕೆಂಪು ಶಾಯಿಯಲ್ಲಿ, ಅಕ್ಷರದಲ್ಲಿ, ಕೈಯಾರೆ ಬರೆಯುತ್ತೇನೆ. ಇದೂ ಅಪರಾಧವೆನ್ನಿಸಿದರೆ ನೋಟಿಸನ್ನು ದಯವಿಟ್ಟು ಕಾಗದದಲ್ಲೇ ಕಳಿಸಿ. ಪರದೆಗೆ ಕಳಿಸಿದರೆ ಅದು ಮೂಡುವಷ್ಟರಲ್ಲಿ ನಾನು ನಿವೃತ್ತಳಾಗಿರುತ್ತೇನೆ.

ಇಂತಿ,
ತಾಳ್ಮೆಯ ದಾಸ್ತಾನು ಮುಗಿದಿರುವ
ಔಷಧ ಕಿಂಡಿಯವಳು