ಅಡುಗೆಮನೆ ಬಾಗಿಲ ಲೈಲಾಕ್

ವಿಸ್ಕಾನ್ಸಿನ್, ಮೇ ತಿಂಗಳು

ಕೌಂಟಿ ಉದ್ಯಾನ ಇಲಾಖೆಯ ಹಾಲ್ವರ್ಸನ್ ಅವರಿಗೆ,

ಕೆರೆದಂಡೆಯ ಉದ್ಯಾನದ ಇತಿಹಾಸದ ಫಲಕಕ್ಕೆ ನಾಲ್ಕು ಸಾಲು ಕೇಳಿದ್ದೀರಿ. ಅಪ್ಪ ಅಲ್ಲಿನ ನಮ್ಮ ಜಮೀನನ್ನು ದಾನ ಮಾಡಿದರೆಂದು ಬರೆಯಬೇಡಿ. ಕೆರೆ ಎಲ್ಲರದೂ ಆಗಲೆಂದು ಕೌಂಟಿ ಆ ಜಮೀನನ್ನು ದುಡ್ಡು ಕೊಟ್ಟು ಕೊಂಡಿತು. ಅಪ್ಪ ಬೈಯುತ್ತಲೇ ಸಹಿ ಹಾಕಿದರು. ಮೊದಲ ಬೇಸಿಗೆಯಲ್ಲಿ ಪೇಟೆಯ ಮಕ್ಕಳು ನೀರಿಗೆ ಹಾರುವುದನ್ನು ಕಂಡು, "ಹಾಳಾದ್ ಮಕ್ಳು, ಎಷ್ಟು ಖುಷಿಯಾಗಿದಾವೆ ನೋಡೇ!" ಎಂದು ನಕ್ಕುಬಿಟ್ಟರು.

ಈಗ ನನ್ನ ಕೋರಿಕೆ. ಅಲ್ಲಿ ಈಗ ನೇರಳೆ ಹೂ ಬಿಟ್ಟು ಘಮಘಮಿಸುತ್ತಿರುವ ಲೈಲಾಕ್ ಪೊದೆಯನ್ನು ಹೊರದೇಶದ ಗಿಡವೆಂದು ಕಡಿಸಬೇಡಿ. ಹೊರಗಿನದು ನಿಜ, ನಾರ್ವೆಯಿಂದ ಬಂದ ನಮ್ಮಜ್ಜನ ಹಾಗೆ. ಅದು ನಮ್ಮ ಅಡುಗೆಮನೆ ಬಾಗಿಲಲ್ಲಿತ್ತು. ಉದ್ಯಾನಕ್ಕಾಗಿ ಮನೆ ಕೆಡವಿದ ಮೇಲೆ ಉಳಿದದ್ದು ಅದೊಂದೇ. "ಕಾಲು ಒರೆಸ್ಕೊಂಡು ಬಾರೇ!" ಎಂದು ಅಮ್ಮ ಕೂಗುತ್ತಿದ್ದುದು ಅಲ್ಲಿಂದಲೇ. ಎಂಬತ್ತು ದಾಟಿದರೂ, ಅದರ ಪಕ್ಕ ಹಾದಾಗಲೆಲ್ಲ ನಾನು ಹುಲ್ಲಿಗೆ ಬೂಟು ಒರೆಸಿಕೊಂಡೇ ಮುಂದೆ ಹೋಗುತ್ತೇನೆ.

ಇಂತಿ,
ಆಲ್ಮಾ ಟ್ವೆಟನ್